"ಆಗುವುದಾದರೆ ಹೋಗಿ" ಎಂಬ ಸೈನ್: 2013ರ ಸೆಮಿಫೈನಲ್‌ನ ಒಂದು ಡಬಲ್ ಸ್ಟೀಲ್

ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್ ಅಂದರೆ ರಾಷ್ಟ್ರೀಯ ತಂಡಗಳ ನಡುವಿನ ಬೇಸ್‌ಬಾಲ್ ಟೂರ್ನಿ. 2006ರಲ್ಲಿ ಶುರುವಾಯಿತು. ಅಮೆರಿಕದ ಮೇಜರ್ ಲೀಗ್‌ನಲ್ಲಿ ಕೋಟಿಗಟ್ಟಲೆ ಸಂಬಳ ತೆಗೆದುಕೊಳ್ಳುವ ಆಟಗಾರರು ತಮ್ಮ ದೇಶದ ಅಂಗಿ ಹಾಕಿಕೊಂಡು ಆಡುವುದನ್ನು ನೋಡಬೇಕಾದರೆ ಇಲ್ಲಿಗೇ ಬರಬೇಕು. ಈ ಟೂರ್ನಿಯ ಒಂದೇ ಒಂದು ಆಟದ ಕೆಲವೇ ಸೆಕೆಂಡುಗಳನ್ನು ಇಲ್ಲಿ ಬಿಡಿಸಿ ನೋಡುತ್ತಿದ್ದೇನೆ. 2013ರ ಮಾರ್ಚ್ 17, ಸ್ಯಾನ್ ಫ್ರಾನ್ಸಿಸ್ಕೊ, ಜಪಾನ್ ಮತ್ತು ಪೋರ್ಟೊ ರಿಕೊ ನಡುವಿನ ಸೆಮಿಫೈನಲ್, 8ನೇ ಇನ್ನಿಂಗ್ಸ್.

ಆ ಆಟದಲ್ಲಿದ್ದವರ ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ಹುಡುಕಿದರೆ ಸಿಗುತ್ತವೆ, ಗುಟ್ಟೇನಲ್ಲ. ಆದರೆ ಹೆಸರು ಬಂದ ತಕ್ಷಣ ಓದುವವರು ತಪ್ಪು ಯಾರದು ಅಂತ ಹುಡುಕಲು ಶುರು ಮಾಡುತ್ತಾರೆ. ಜಪಾನಿನಲ್ಲಿ ಆಗಲೇ ಅದು ಸಾಕಷ್ಟು ಆಗಿದೆ. ನನಗೆ ಬೇಕಿರುವುದು ನಿರ್ಧಾರಗಳು. ಹಾಗಾಗಿ ಮುಂದಿನ ರನ್ನರ್, ಹಿಂದಿನ ರನ್ನರ್, ಬ್ಯಾಟರ್, ಮ್ಯಾನೇಜರ್ (ಅಂದರೆ ಮುಖ್ಯ ಕೋಚ್), ಇಷ್ಟೇ.

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಒಂದು ತಂಡಕ್ಕೆ 9 ಇನ್ನಿಂಗ್ಸ್, ಪ್ರತಿ ಇನ್ನಿಂಗ್ಸ್‌ಗೆ 3 ಔಟ್. ಮೈದಾನದಲ್ಲಿ ವಜ್ರದಾಕಾರದಲ್ಲಿ ನಾಲ್ಕು ಬೇಸ್, ಒಂದರಿಂದ ಇನ್ನೊಂದಕ್ಕೆ 90 ಅಡಿ. ಸುತ್ತು ಹಾಕಿ, ಬ್ಯಾಟರ್ ಹೊರಟ ಬೇಸ್ ಆದ ಹೋಮ್ ಮುಟ್ಟಿದರೆ ಒಂದು ರನ್. ಬೇಸ್ ಮೇಲೆ ನಿಂತಿರುವ ರನ್ನರ್ ಬ್ಯಾಟರ್ ಹೊಡೆಯುವವರೆಗೂ ಕಾಯಬೇಕಿಲ್ಲ. ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವನು) ಎಸೆಯಲು ಶುರು ಮಾಡಿದ ಕೂಡಲೇ ಮುಂದಿನ ಬೇಸ್‌ಗೆ ಓಡಬಹುದು. ಅದು ಸ್ಟೀಲ್. ಚೆಂಡು ಹಿಡಿದ ಫೀಲ್ಡರ್ ಅವನನ್ನು ಮೊದಲೇ ಮುಟ್ಟಿಬಿಟ್ಟರೆ ಔಟ್. ಇಬ್ಬರು ರನ್ನರ್‌ಗಳು ಒಟ್ಟಿಗೇ ಓಡಿದರೆ ಡಬಲ್ ಸ್ಟೀಲ್. ಒಂದು ಬೇಸ್ ಮೇಲೆ ಇಬ್ಬರು ನಿಲ್ಲುವಂತಿಲ್ಲ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ.

ಆ ಆಟಕ್ಕೆ ಮುಂಚೆ

ಜಪಾನಿಗೆ ಈ ಟೂರ್ನಿಯ ತೂಕವೇ ಬೇರೆ. 2006ರಲ್ಲಿ ಸದಹರು ಓ ಮ್ಯಾನೇಜರ್ ಆಗಿದ್ದಾಗ ಫೈನಲ್‌ನಲ್ಲಿ ಕ್ಯೂಬಾವನ್ನು 10-6ರಿಂದ ಸೋಲಿಸಿ ಗೆದ್ದಿತು. 2009ರಲ್ಲಿ ದಕ್ಷಿಣ ಕೊರಿಯಾ ವಿರುದ್ಧದ ಫೈನಲ್ 10ನೇ ಇನ್ನಿಂಗ್ಸ್‌ಗೆ ಹೋಯಿತು. ಇಚಿರೊ ಹೊಡೆದ ಒಂದು ಹೊಡೆತಕ್ಕೆ ಎರಡು ರನ್ ಬಂದು 5-3ರಿಂದ ಮತ್ತೆ ಜಪಾನೇ ಗೆದ್ದಿತು. ಅಲ್ಲಿಯವರೆಗೆ ನಡೆದದ್ದು ಎರಡೇ ಟೂರ್ನಿ, ಎರಡೂ ಇವರದ್ದೇ.

2013ರ ತಂಡ ಹೊರಡುವಾಗಲೇ ಪರಿಸ್ಥಿತಿ ಬೇರೆ ಇತ್ತು. ಪ್ರಾಯೋಜಕರ ಹಣದ ಪಾಲಿನ ವಿಷಯದಲ್ಲಿ ಜಪಾನಿನ ಆಟಗಾರರ ಸಂಘ 2012ರಲ್ಲಿ ಟೂರ್ನಿಗೆ ಹೋಗುವುದೇ ಇಲ್ಲ ಎಂದು ಕೂತಿತ್ತು, ಸೆಪ್ಟೆಂಬರ್‌ನಲ್ಲಿ ಒಪ್ಪಂದವಾಗಿ ಒಪ್ಪಿಕೊಂಡಿತು. ಅಮೆರಿಕದಲ್ಲಿ ಆಡುತ್ತಿದ್ದ ದೊಡ್ಡ ಹೆಸರುಗಳು ಯಾರೂ ಬರಲಿಲ್ಲ. 28 ಜನರೂ ಜಪಾನಿನ ಲೀಗ್‌ನವರೇ. ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಥರ) ಮೇಲೆ ಹೋಮ್ ರನ್ ಹೊಡೆದು ಎದುರಾಳಿಯನ್ನು ಮುಳುಗಿಸುವ ತಂಡ ಇದಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಓಡಿ, ಬಂಟ್ ಮಾಡಿ (ಚೆಂಡನ್ನು ಬೀಸಿ ಹೊಡೆಯದೆ ಮೆಲ್ಲಗೆ ತಟ್ಟಿ), ಒಂದೊಂದೇ ರನ್ ಕೂಡಿಸಿ, ಎದುರಾಳಿ ಪಿಚರ್‌ನ ಸಣ್ಣ ಸಣ್ಣ ದೌರ್ಬಲ್ಯ ಹುಡುಕಿ ಗೆಲ್ಲಬೇಕು. ಆ ಕೆಲಸದಲ್ಲಿ ಅವರನ್ನು ಮೀರಿಸುವವರು ಕಡಿಮೆ.

ಮೊದಲ ಸುತ್ತಿನಲ್ಲೇ ಎಳೆದಾಟ. ಬ್ರೆಜಿಲ್ ವಿರುದ್ಧ ಹಿಂದೆ ಬಿದ್ದು 8ನೇ ಇನ್ನಿಂಗ್ಸ್‌ನಲ್ಲಿ ಎದ್ದು 5-3ರಿಂದ ಗೆದ್ದರು. ಚೀನಾ ವಿರುದ್ಧ ಗೆದ್ದು, ಕ್ಯೂಬಾ ವಿರುದ್ಧ 3-6ರಿಂದ ಸೋತರು. ಹೇಗೋ ಎರಡನೇ ಸುತ್ತಿಗೆ ಬಂದರು.

ಇಲ್ಲಿಂದ ನಿಜವಾದ ಕಥೆ. ಮಾರ್ಚ್ 8, ಟೋಕಿಯೊ ಡೋಮ್, ಎದುರಾಳಿ ತೈವಾನ್. 9ನೇ ಇನ್ನಿಂಗ್ಸ್, ಜಪಾನ್ 2-3ರಿಂದ ಹಿಂದೆ, ಎರಡು ಔಟ್ ಆಗಿದೆ. ಮೊದಲ ಬೇಸ್ ಮೇಲೆ ಒಬ್ಬ ರನ್ನರ್. ಇನ್ನೊಂದು ಔಟ್ ಆದರೆ ಆಟ ಮುಗಿಯಿತು. ಅಂಥ ಹೊತ್ತಿನಲ್ಲಿ ಆ ರನ್ನರ್ ಎರಡನೇ ಬೇಸ್‌ಗೆ ಓಡಿಬಿಟ್ಟ. ಸಿಕ್ಕಿಬಿದ್ದಿದ್ದರೆ ಜೀವಮಾನವಿಡೀ ಆ ಮಾತು ಕೇಳಬೇಕಿತ್ತು. ಸಿಕ್ಕಿಬೀಳಲಿಲ್ಲ. ಮುಂದೆ ಬ್ಯಾಟರ್ ಸೆಂಟರ್ ಕಡೆಗೆ ಹೊಡೆದ, ರನ್ನರ್ ಎರಡನೇ ಬೇಸ್‌ನಿಂದ ಹೋಮ್‌ಗೆ ಬಂದ, 3-3. 10ನೇ ಇನ್ನಿಂಗ್ಸ್‌ನಲ್ಲಿ ಜಪಾನ್ 4-3ರಿಂದ ಗೆದ್ದಿತು.

ನೋಡುವವರಿಗೆ ಹುಚ್ಚು ಸಾಹಸ ಅನ್ನಿಸಿತು. ಒಳಗಿನ ಲೆಕ್ಕ ಬೇರೆ. ಪಿಚರ್ ಕಾಲೆತ್ತಿದ ಕ್ಷಣದಿಂದ ಚೆಂಡು, ಬ್ಯಾಟರ್ ಹಿಂದೆ ಕೂತು ಅದನ್ನು ಹಿಡಿಯುವ ಕ್ಯಾಚರ್ ಕೈ ಸೇರಲು ಸಾಮಾನ್ಯವಾಗಿ 1.3 ಸೆಕೆಂಡ್ ಬೇಕು. ಕ್ಯಾಚರ್ ಅದನ್ನು ಎರಡನೇ ಬೇಸ್‌ಗೆ ತಲುಪಿಸಲು ಸುಮಾರು 2 ಸೆಕೆಂಡ್. ಒಟ್ಟು 3.3. ಒಳ್ಳೆಯ ರನ್ನರ್‌ಗೆ ಎರಡನೇ ಬೇಸ್ ಮುಟ್ಟಲು ಹೆಚ್ಚುಕಡಿಮೆ ಅಷ್ಟೇ, ಒಂಚೂರು ಜಾಸ್ತಿ ಸಮಯ ಬೇಕು. ಅಂದರೆ ಪಿಚರ್ ಮಾಮೂಲಿಗಿಂತ ಒಂದೆರಡು ದಶಾಂಶ ಸೆಕೆಂಡ್ ನಿಧಾನ ಇದ್ದರೂ ಸಾಕು, ಓಟ ರನ್ನರ್ ಕಡೆಗೆ ವಾಲುತ್ತದೆ. ತೈವಾನಿನ ಆ ಪಿಚರ್ ನಿಧಾನ ಅನ್ನುವುದು ಜಪಾನಿನ ಕೋಚ್‌ಗಳಿಗೆ ಗೊತ್ತಿತ್ತು. "ಓಡಲೇಬೇಕು" ಅಂತ ಯಾರೂ ಹೇಳಲಿಲ್ಲ. "ಆಗುವುದಾದರೆ ಹೋಗು" ಅನ್ನುವ ಸ್ವಾತಂತ್ರ್ಯ ಇತ್ತು. ಅವನಿಗೆ ಸರಿಯಾದ ಸ್ಟಾರ್ಟ್ ಸಿಕ್ಕಿತು, ಹೋದ.

ಆ ಒಂದು ಓಟ ಟೂರ್ನಿಯನ್ನೇ ಉಳಿಸಿತು. ಮುಂದೆ ನೆದರ್ಲೆಂಡ್ಸ್ ವಿರುದ್ಧ 16-4, ಮತ್ತೊಮ್ಮೆ ಅವರ ವಿರುದ್ಧವೇ 10-6. ವಿಮಾನ ಹತ್ತಿ ಅಮೆರಿಕಕ್ಕೆ ಬಂದಾಗ ತಂಡದ ತಲೆಯಲ್ಲಿ ಒಂದು ಪಾಠ ಗಟ್ಟಿಯಾಗಿ ಕೂತಿತ್ತು: ಲೆಕ್ಕ ನಮ್ಮ ಹತ್ತಿರ ಇದೆ, ಓಡುವ ಧೈರ್ಯ ಇದೆ, ರನ್ನರ್‌ನನ್ನು ನಂಬಿದರೆ ಕೆಲಸ ಆಗುತ್ತದೆ.

ಪಾಠ ತಪ್ಪಲ್ಲ. ಅರ್ಧ ಮಾತ್ರ ಸರಿ, ಅಷ್ಟೇ.

8ನೇ ಇನ್ನಿಂಗ್ಸ್

ಪೋರ್ಟೊ ರಿಕೊ ಮೊದಲ ಇನ್ನಿಂಗ್ಸ್‌ನಲ್ಲೇ ಒಂದು ರನ್ ತೆಗೆದಿತ್ತು. 7ನೇ ಇನ್ನಿಂಗ್ಸ್‌ನಲ್ಲಿ ಎರಡು ರನ್‌ಗಳ ಹೋಮ್ ರನ್. 3-0. ಜಪಾನಿನ ಬ್ಯಾಟಿಂಗ್ ಅಲ್ಲಿಯವರೆಗೆ ಸಪ್ಪೆ.

8ನೇ ಇನ್ನಿಂಗ್ಸ್‌ನಲ್ಲಿ ಒಂದು ಔಟ್ ಆದಮೇಲೆ ಜೀವ ಬಂತು. ಒಬ್ಬ ಟ್ರಿಪಲ್ ಹೊಡೆದು ಮೂರನೇ ಬೇಸ್‌ಗೆ ಹೋದ. ಮುಂದಿನ ಬ್ಯಾಟರ್‌ನ ಸಿಂಗಲ್‌ಗೆ (ಮೊದಲ ಬೇಸ್ ಮುಟ್ಟಿಸುವ ಹೊಡೆತ) ಅವನು ಹೋಮ್‌ಗೆ ಬಂದ, 3-1. ಅದರ ಹಿಂದೆಯೇ ಇನ್ನೊಂದು ಸಿಂಗಲ್. ಈಗ ಒಂದು ಔಟ್, ಮೊದಲ ಮತ್ತು ಎರಡನೇ ಬೇಸ್‌ನಲ್ಲಿ ರನ್ನರ್‌ಗಳು, ಎರಡು ರನ್ ಬೇಕು. ಬ್ಯಾಟ್ ಹಿಡಿದು ಬಂದವನು ತಂಡದ ಕ್ಯಾಪ್ಟನ್, ಸಾಮಾನ್ಯವಾಗಿ ದೊಡ್ಡ ಹೊಡೆತದವನಿಗೇ ಕೊಡುವ ಜಾಗದ ನಾಲ್ಕನೇ ಬ್ಯಾಟರ್, ಹಿಂದಿನ ವರ್ಷ ತನ್ನ ಲೀಗ್‌ನಲ್ಲಿ .340 ಸರಾಸರಿಯಲ್ಲಿ ಹೊಡೆದು ಅತ್ಯುತ್ತಮ ಆಟಗಾರ ಅನ್ನಿಸಿಕೊಂಡವನು. ನೆದರ್ಲೆಂಡ್ಸ್ ವಿರುದ್ಧ ಒಂದೇ ಇನ್ನಿಂಗ್ಸ್‌ನಲ್ಲಿ ಎರಡು ಹೋಮ್ ರನ್ ಹೊಡೆದಿದ್ದವನೂ ಅವನೇ.

ಎದುರಿಗೆ ಎಡಗೈ ಪಿಚರ್, ಅನುಭವಿ. ಬ್ಯಾಟರ್ ಹಿಂದೆ ಕೂತಿರುವ ಕ್ಯಾಚರ್ ಸತತ ಐದು ವರ್ಷ ಮೇಜರ್ ಲೀಗ್‌ನಲ್ಲಿ ಒಳ್ಳೆಯ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲವ್ ಪ್ರಶಸ್ತಿ ಪಡೆದವನು. ಅವನು ಚೆಂಡು ಹಿಡಿದಿದ್ದಾನೆ ಅಂದರೆ ಓಡಬೇಡಿ ಅಂತ ಅಮೆರಿಕದಲ್ಲಿ ರನ್ನರ್‌ಗಳು ತಮಗೆ ತಾವೇ ಹೇಳಿಕೊಳ್ಳುತ್ತಿದ್ದ ಕಾಲ ಅದು.

ಜಪಾನಿನ ಡಗೌಟ್‌ನಲ್ಲಿ ಏನು ಓಡುತ್ತಿತ್ತು ಅನ್ನುವುದನ್ನು ಮ್ಯಾನೇಜರ್ ಆಟದ ನಂತರ ಮುಚ್ಚಿಡದೆ ಹೇಳಿದರು. ಈ ಪಿಚರ್‌ನ ಎಸೆತದ ಚಲನೆ ನಿಧಾನ. ಅದು ಗೊತ್ತಿತ್ತು. ಹಾಗಾಗಿ ಡಬಲ್ ಸ್ಟೀಲ್ ಮಾಡಬಹುದು ಅನ್ನುವ ಸೈನ್, ಅಂದರೆ ಗುಟ್ಟಿನ ಸನ್ನೆ, ಕೊಟ್ಟಿದ್ದರು. ಮಾಡಿ ಅಂತಲ್ಲ, ಮಾಡಬಹುದು ಅಂತ.

ಪಿಚರ್ ಎಸೆಯಲು ಶುರು ಮಾಡಿದ. ಎರಡನೇ ಬೇಸ್‌ನಲ್ಲಿದ್ದ ಮುಂದಿನ ರನ್ನರ್ ಮೂರನೇ ಬೇಸ್ ಕಡೆ ಹೆಜ್ಜೆ ಹಾಕಿದ. ಸ್ಟಾರ್ಟ್ ಸರಿಬರಲಿಲ್ಲ ಅನ್ನಿಸಿತು, ನಿಂತುಬಿಟ್ಟ, ಹಿಂತಿರುಗಿದ. ಅಷ್ಟರಲ್ಲಿ ಮೊದಲ ಬೇಸ್‌ನಲ್ಲಿದ್ದ ಹಿಂದಿನ ರನ್ನರ್, ಮುಂದಿನವನ ಮೊದಲ ಹೆಜ್ಜೆ ನೋಡಿ, ತಲೆ ತಗ್ಗಿಸಿ ಪೂರ್ತಿ ವೇಗದಲ್ಲಿ ಹೊರಟುಬಿಟ್ಟಿದ್ದ. ತಲೆ ಎತ್ತಿದಾಗ ಅವನು ಹೋಗಬೇಕಾದ ಬೇಸ್‌ನಲ್ಲಿ ಅವನದೇ ತಂಡದವನು ನಿಂತಿದ್ದಾನೆ. ಹಿಂದಕ್ಕೆ ಹೋಗಲು ಅರ್ಧಕ್ಕಿಂತ ಜಾಸ್ತಿ ದೂರ. ಮುಂದೆ ಜಾಗ ಇಲ್ಲ.

ಕ್ಯಾಚರ್ ಆಗ ಮಾಡಿದ್ದು ನೋಡಬೇಕು. ಎಸೆಯುವ ಆತುರ ಪಡಲಿಲ್ಲ. ಚೆಂಡನ್ನು ಕೈಯಲ್ಲೇ ಇಟ್ಟುಕೊಂಡು ಮೈದಾನದ ಒಳಗೆ ಓಡಿಬಂದ. ಎಸೆದರೆ ಎಸೆತ ತಪ್ಪಬಹುದು, ಇಬ್ಬರಲ್ಲಿ ಒಬ್ಬನಿಗೆ ದಾರಿ ತೆರೆಯಬಹುದು. ಕೈಯಲ್ಲಿದ್ದರೆ ಯಾರಿಗೂ ದಾರಿ ಇಲ್ಲ. ಹಿಂದಿನ ರನ್ನರ್ ಔಟ್.

ಎರಡು ಔಟ್, ಎರಡನೇ ಬೇಸ್‌ನಲ್ಲಿ ಒಬ್ಬ. ಕ್ಯಾಪ್ಟನ್ ಹೊಡೆದ ಚೆಂಡು ನೆಲದ ಮೇಲೆ ಉರುಳಿ ಎರಡನೇ ಬೇಸ್‌ಮನ್ ಕೈಗೆ ಹೋಯಿತು. ಇನ್ನಿಂಗ್ಸ್ ಮುಗಿಯಿತು. 9ನೇ ಇನ್ನಿಂಗ್ಸ್‌ನಲ್ಲಿ ರನ್ ಬರಲಿಲ್ಲ. 3-1. ಎರಡು ಸಲದ ಚಾಂಪಿಯನ್ನರು ಮನೆಗೆ. ಎರಡು ದಿನ ಬಿಟ್ಟು ಡೊಮಿನಿಕನ್ ರಿಪಬ್ಲಿಕ್ ತಂಡ ಪೋರ್ಟೊ ರಿಕೊವನ್ನು 3-0ರಿಂದ ಸೋಲಿಸಿ, ಒಂದೂ ಆಟ ಸೋಲದೆ ಕಪ್ ಎತ್ತಿತು.

ಓಡುವ ಯೋಚನೆಯೇ ತಪ್ಪಾಗಿತ್ತಾ?

ಆಟ ಮುಗಿದ ಮೇಲೆ ಮೊದಲು ಬಂದ ಮಾತು ಇದೇ. "ನಾಲ್ಕನೇ ಬ್ಯಾಟರ್ ನಿಂತಿರುವಾಗ, ಎರಡು ರನ್ ಹಿಂದಿರುವಾಗ, ಯಾಕೆ ಓಡಬೇಕಿತ್ತು? ಸುಮ್ನೆ ಹೊಡೆಯಲು ಬಿಡಬಾರದಿತ್ತಾ?" ಮನೆಯಲ್ಲಿ ಟಿವಿ ಮುಂದೆ ಕೂತವರಿಗೂ ಬರುವ ಪ್ರಶ್ನೆ.

ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. ಮೇಜರ್ ಲೀಗ್‌ನ ಸರಾಸರಿ ಲೆಕ್ಕ ಹಿಡಿದು ನೋಡಿ. ಒಂದು ಔಟ್, ಮೊದಲ ಮತ್ತು ಎರಡನೇ ಬೇಸ್‌ನಲ್ಲಿ ರನ್ನರ್‌ಗಳಿದ್ದರೆ ಆ ಇನ್ನಿಂಗ್ಸ್‌ನ ಉಳಿದ ಭಾಗದಲ್ಲಿ ಸರಾಸರಿ 0.9 ರನ್ ಆಸುಪಾಸು ಬರುತ್ತದೆ. ಡಬಲ್ ಸ್ಟೀಲ್ ಗೆದ್ದು ಇಬ್ಬರೂ ಎರಡು ಮತ್ತು ಮೂರನೇ ಬೇಸ್‌ಗೆ ಹೋದರೆ ಅದು 1.4ರ ಹತ್ತಿರ. ಒಬ್ಬ ಔಟ್ ಆಗಿ ಎರಡು ಔಟ್, ಎರಡನೇ ಬೇಸ್‌ನಲ್ಲಿ ಒಬ್ಬ ಅಂತಾದರೆ ಸುಮಾರು 0.3. ಗೆದ್ದರೆ ಅರ್ಧ ರನ್ ಲಾಭ, ಸೋತರೆ 0.6 ನಷ್ಟ. ಅಂದರೆ ನೂರರಲ್ಲಿ 55 ಸಲಕ್ಕಿಂತ ಜಾಸ್ತಿ ಗೆಲ್ಲುವ ಹಾಗಿದ್ದರೆ ಓಡುವುದು ಲೆಕ್ಕದಲ್ಲಿ ತಪ್ಪಲ್ಲ. ಪಿಚರ್ ನಿಜಕ್ಕೂ ನಿಧಾನ ಆಗಿದ್ದರೆ ಇದು ದೊಡ್ಡ ಬೇಡಿಕೆ ಏನಲ್ಲ.

ಇನ್ನೊಂದು ಕಾರಣವೂ ಇತ್ತು. ಆ ಬ್ಯಾಟರ್ ವೃತ್ತಿಯಲ್ಲಿ ಕ್ಯಾಚರ್, ಓಟದಲ್ಲಿ ನಿಧಾನ. ನೆಲದ ಮೇಲೆ ಗಟ್ಟಿಯಾಗಿ ಹೊಡೆದರೆ ಒಂದೇ ಏಟಿಗೆ ಎರಡು ಔಟ್ ಆಗುವ ಭಯ. ಇಬ್ಬರೂ ಒಂದೊಂದು ಬೇಸ್ ಮುಂದೆ ಹೋಗಿಬಿಟ್ಟಿದ್ದರೆ ಆ ಭಯ ಇರುತ್ತಿರಲಿಲ್ಲ, ಒಂದು ಸಿಂಗಲ್‌ಗೆ ಎರಡೂ ರನ್ ಬರುವ ಸಾಧ್ಯತೆ ಇರುತ್ತಿತ್ತು.

ಎದುರು ವಾದವೂ ಗಟ್ಟಿಯೇ. ಬಲಗೈ ಬ್ಯಾಟರ್ ನಿಂತಿದ್ದರೆ ಕ್ಯಾಚರ್ ಮೂರನೇ ಬೇಸ್‌ಗೆ ಎಸೆಯುವ ದಾರಿಗೆ ಅವನೇ ಅಡ್ಡ. ಇವನು ಎಡಗೈ ಬ್ಯಾಟರ್, ನಿಲ್ಲುವುದು ಇನ್ನೊಂದು ಬದಿಗೆ. ಹಾಗಾಗಿ ಕ್ಯಾಚರ್‌ಗೆ ಮೂರನೇ ಬೇಸ್ ಸಲೀಸಾಗಿ ಕಾಣುತ್ತದೆ. ಎರಡನೇ ಬೇಸ್‌ಗೆ ಎಸೆಯಲು 127 ಅಡಿ, ಮೂರನೆಯದಕ್ಕೆ 90 ಅಡಿ. ಎಸೆಯುವವನು ಆ ಕಾಲದ ಅತ್ಯುತ್ತಮ ಕೈ. ಮುಂದಿನ ರನ್ನರ್‌ಗೆ ಆಗ 37 ವರ್ಷ, ಕಾಲಿನ ವೇಗಕ್ಕೆ ಹೆಸರಾದವನಲ್ಲ. ಹಾಗಾಗಿ ಅವನು ಅನುಮಾನ ಪಟ್ಟದ್ದು ಹೇಡಿತನವಲ್ಲ. ಅವನಿಗೆ ಕಂಡದ್ದು ಸರಿಯಾಗಿಯೇ ಕಂಡಿತ್ತು.

ಎರಡೂ ಕಡೆ ತೂಗಿ ನೋಡಿದರೆ, ಇದು ಗೆಲ್ಲಬಹುದಾಗಿದ್ದ ಜೂಜು. ಅದಕ್ಕೇ ನನಗೆ "ಓಡಬಾರದಿತ್ತು" ಅನ್ನುವ ಟೀಕೆ ಸಪ್ಪೆ ಅನ್ನಿಸುತ್ತದೆ. ಎಡವಟ್ಟು ಆದದ್ದು ಓಡುವ ನಿರ್ಧಾರದಲ್ಲಿ ಅಲ್ಲ, ಆ ನಿರ್ಧಾರವನ್ನು ಇಬ್ಬರ ಕೈಗೆ ಹಂಚಿದ ರೀತಿಯಲ್ಲಿ.

ಅನುಮತಿ ಒಬ್ಬನಿಗೆ, ಆಜ್ಞೆ ಇಬ್ಬರಿಗೆ

ಬೇಸ್‌ಬಾಲ್‌ನಲ್ಲಿ ಸ್ಟೀಲ್ ಸೈನ್ ಎರಡು ಬಗೆ. ಒಂದು, ಈ ಚೆಂಡಿಗೆ ಓಡು. ಜಪಾನಿನಲ್ಲಿ ಇದನ್ನು "ದಿಸ್ ಬಾಲ್" ಅಂತಲೇ ಕರೆಯುತ್ತಾರೆ. ರನ್ನರ್‌ಗೆ ಆಯ್ಕೆ ಇಲ್ಲ, ಸ್ಟಾರ್ಟ್ ಕೆಟ್ಟರೂ ಓಡಲೇಬೇಕು, ಸಿಕ್ಕಿಬಿದ್ದರೆ ಹೊಣೆ ಸೈನ್ ಕೊಟ್ಟವನದು. ಇನ್ನೊಂದು, ನಿನಗೆ ಸರಿ ಅನ್ನಿಸಿದಾಗ ಓಡು. ಇದರಲ್ಲಿ ರನ್ನರ್‌ನ ಕಣ್ಣು, ಅವನ ಕಾಲು, ಆ ಕ್ಷಣದ ಅಂದಾಜು ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಒಬ್ಬನೇ ರನ್ನರ್ ಇದ್ದಾಗ ಎರಡನೆಯದು ಎಷ್ಟೋ ಮೇಲು. ಡಗೌಟ್‌ನಲ್ಲಿ ಕೂತ ಮ್ಯಾನೇಜರ್‌ಗೆ ಕಾಣದ್ದು ಬೇಸ್ ಮೇಲಿರುವವನಿಗೆ ಕಾಣುತ್ತದೆ. ಟೋಕಿಯೊದಲ್ಲಿ ಗೆಲ್ಲಿಸಿದ್ದು ಇದೇ. ಸ್ಟಾರ್ಟ್ ಸಿಗದಿದ್ದರೆ ಅವನು ನಿಂತುಬಿಡಬಹುದಿತ್ತು, ಏನೂ ನಷ್ಟ ಇರಲಿಲ್ಲ. ಮುಂದಿನ ಎಸೆತಕ್ಕೆ ಮತ್ತೆ ನೋಡಬಹುದಿತ್ತು.

ಅದೇ ಮಾತನ್ನು ಇಬ್ಬರು ರನ್ನರ್‌ಗಳಿಗೆ ಹೇಳಿ ನೋಡಿ. "ಆಗುವುದಾದರೆ ಹೋಗಿ." ಮುಂದಿನವನು ಕೇಳಿಸಿಕೊಳ್ಳುವುದು: ನನಗೆ ಸರಿ ಅನ್ನಿಸಿದರೆ ಹೋಗುತ್ತೇನೆ, ಇಲ್ಲದಿದ್ದರೆ ಇಲ್ಲ. ಹಿಂದಿನವನು ಕೇಳಿಸಿಕೊಳ್ಳುವುದು: ಅವನು ಹೋದರೆ ನಾನೂ ಹೋಗಬೇಕು, ತಡ ಮಾಡಿದರೆ ನಾನೇ ಸಿಕ್ಕಿಬೀಳುತ್ತೇನೆ. ಮುಂದಿನವನಿಗೆ ಸಿಕ್ಕಿರುವುದು ಸ್ವಾತಂತ್ರ್ಯ. ಹಿಂದಿನವನಿಗೆ ಸಿಕ್ಕಿರುವುದು ಊಹೆ ಮಾಡುವ ಕೆಲಸ. ಒಂದೇ ಸೈನ್, ಒಂದೇ ಕ್ಷಣ, ಇಬ್ಬರಿಗೆ ಎರಡು ಬೇರೆ ಬೇರೆ ಅರ್ಥ.

ಕ್ರಿಕೆಟ್ ಆಡಿದವರಿಗೆ ಇದು ಬೇಗ ಹೊಳೆಯುತ್ತದೆ. ರನ್ ಓಡುವಾಗ ಯಾರು ಕರೆಯಬೇಕು ಅನ್ನುವುದು ಮೊದಲೇ ಗೊತ್ತಿರುತ್ತದೆ, ಚೆಂಡು ಮುಂದೆ ಹೋದರೆ ಸ್ಟ್ರೈಕರ್, ಹಿಂದೆ ಹೋದರೆ ಇನ್ನೊಬ್ಬ. "ಎಸ್", "ನೋ", "ವೇಟ್" ಅಂತ ಬಾಯಿಬಿಟ್ಟು ಕೂಗುತ್ತಾರೆ. ಆದರೂ ರನ್ ಔಟ್ ಆಗುತ್ತಾರೆ. ಇಲ್ಲಿ ಕೂಗುವ ಅವಕಾಶವೇ ಇಲ್ಲ. ಗುಟ್ಟಾಗಿ ಹೊರಡುವುದೇ ಕೆಲಸ. ಮುಂದಿನವನ ದೇಹವೇ ಅವನ ಕೂಗು. ಆ ದೇಹ ಒಂದು ಸಲ "ಎಸ್" ಅಂದು ಅರ್ಧ ಸೆಕೆಂಡ್‌ನಲ್ಲಿ "ನೋ" ಅಂದಿತು. ಹಿಂದಿನವನು ಮೊದಲನೆಯದನ್ನು ಮಾತ್ರ ಕೇಳಿಸಿಕೊಂಡ.

ಹಿಂದಿನ ರನ್ನರ್‌ದು ತಪ್ಪೇ ಇಲ್ಲ ಅನ್ನುತ್ತಿಲ್ಲ. ಡಬಲ್ ಸ್ಟೀಲ್‌ನಲ್ಲಿ ಹಿಂದಿನವನ ಕಣ್ಣು ಮುಂದಿನವನ ಮೇಲೇ ಇರಬೇಕು. ಚಿಕ್ಕ ಮಕ್ಕಳಿಗೂ ಕಲಿಸುವ ಪಾಠ. ಅವನು ತಲೆ ತಗ್ಗಿಸಿ ಓಡಿದ. ಆಟದ ನಂತರ ಕಣ್ಣೀರು ಹಾಕಿಕೊಂಡು ಎಲ್ಲವೂ ತನ್ನ ಒಂದು ಆಟದಿಂದ ಹೋಯಿತು ಅಂತ ಹೊಣೆಯನ್ನೂ ಹೊತ್ತುಕೊಂಡ. ಆದರೆ ಯಾಕೆ ತಲೆ ತಗ್ಗಿಸಿದ ಅಂತ ಕೇಳಿ. ಕ್ಯಾಚರ್ ಮೂರನೇ ಬೇಸ್ ಬಿಟ್ಟು ಎರಡನೇ ಬೇಸ್‌ಗೆ ಎಸೆದರೂ ಎಸೆಯಬಹುದು. ಸುಮ್ನೆ ಜಾಗಿಂಗ್ ಮಾಡಿಕೊಂಡು, ಮುಂದೆ ನೋಡಿಕೊಂಡು ಹೋದರೆ ಸಿಕ್ಕಿಬೀಳುತ್ತಾನೆ. ಪೂರ್ತಿ ವೇಗ ಬೇಕು ಅಂದರೆ ತಲೆ ತಗ್ಗುತ್ತದೆ. "ಮುಂದಿನವನು ಖಂಡಿತ ಹೋಗುತ್ತಾನೆ" ಅನ್ನುವ ಭರವಸೆ ಇದ್ದಾಗ ಮಾತ್ರ ಆ ವೇಗಕ್ಕೆ ಅರ್ಥ. ಆ ಭರವಸೆಯನ್ನು ಸೈನ್ ಕೊಟ್ಟಿರಲಿಲ್ಲ.

ಇನ್ನೊಂದು ಸೂಕ್ಷ್ಮ ಇದೆ, ಆ ಹೊತ್ತಿನ ಗದ್ದಲದಲ್ಲಿ ಮುಚ್ಚಿಹೋಯಿತು. ಜಪಾನಿಗೆ ಸಮ ಮಾಡಲು ಎರಡು ರನ್ ಬೇಕಿತ್ತು. ಅಂದರೆ ಬೆಲೆ ಬಾಳುವ ರನ್ನರ್ ಮುಂದಿನವನಲ್ಲ, ಹಿಂದಿನವನು. ಸಮದ ರನ್ ಅವನ ಕಾಲಲ್ಲಿತ್ತು. ಮುಂದಿನವನು ಮೂರನೇ ಬೇಸ್‌ಗೆ ಓಡಿ ಔಟ್ ಆಗಿದ್ದರೂ ಹಿಂದಿನವನು ಎರಡನೇ ಬೇಸ್ ತಲುಪುತ್ತಿದ್ದ. ಸೈನ್ ಓದಿದ ಇಬ್ಬರಲ್ಲಿ ಯಾರನ್ನು ಉಳಿಸಿಕೊಳ್ಳಬೇಕು ಅನ್ನುವುದು ಮೊದಲೇ ಮಾತಾಡಿಕೊಂಡಿದ್ದರೆ ಮುಂದಿನವನು, ತನ್ನ ಜೊತೆಗಾರ ಅರ್ಧ ದಾರಿ ಬಂದಿದ್ದನ್ನು ಕಂಡ ಕೂಡಲೇ, ಮೂರನೇ ಬೇಸ್ ಕಡೆ ಮತ್ತೆ ಓಡಿ ಕ್ಯಾಚರ್‌ನ ಗಮನ ತನ್ನ ಕಡೆ ಎಳೆಯಬಹುದಿತ್ತು. ಔಟ್ ಆಗುತ್ತಿದ್ದವನು ಅವನಾಗಿರುತ್ತಿದ್ದ, ಅಷ್ಟೇ. ರನ್ ಲೆಕ್ಕದಲ್ಲಿ ಫಲಿತಾಂಶ ಒಂದೇ ಥರ ಅಲ್ವಾ ಅಂದರೆ, ಎರಡೂ ಸಂದರ್ಭದಲ್ಲಿ ಎರಡು ಔಟ್, ಎರಡನೇ ಬೇಸ್‌ನಲ್ಲಿ ಒಬ್ಬ. ಹೌದು, ಒಂದೇ ಥರ. ಹಾಗಾದರೆ ಓಡಿ ನೋಡುವುದರಲ್ಲಿ ಕಳೆದುಕೊಳ್ಳುವುದೇನೂ ಇರಲಿಲ್ಲ, ಕ್ಯಾಚರ್ ತಡವರಿಸಿದರೆ ಇಬ್ಬರೂ ಉಳಿಯುತ್ತಿದ್ದರು. ಅರ್ಧ ಸೆಕೆಂಡ್‌ನಲ್ಲಿ ಇದೆಲ್ಲ ಹೊಳೆಯಬೇಕು ಅಂತ ಯಾರನ್ನೂ ಕೇಳಲಾಗುವುದಿಲ್ಲ. ಅದಕ್ಕೇ ಅದು ಮೊದಲೇ ಆಗಬೇಕಾದ ಮಾತುಕತೆ.

ಟೋಕಿಯೊದ ಗೆಲುವು ಮುಚ್ಚಿಟ್ಟದ್ದು

ಈ ಪ್ರಕರಣದಲ್ಲಿ ನನಗೆ ತುಂಬ ಕುತೂಹಲದ ಭಾಗ ಇದು. ಒಂಬತ್ತು ದಿನದ ಹಿಂದೆ ಅದೇ ಬಗೆಯ ಸ್ವಾತಂತ್ರ್ಯ, ಅದೇ ಬಗೆಯ ನಿಧಾನ ಪಿಚರ್, ಅದೇ ಬಗೆಯ ಸೋಲಿನ ಅಂಚು. ಗೆದ್ದರು. ತಂಡ ಅಲ್ಲಿ ನೋಡಿದ್ದು "ನಿಧಾನ ಪಿಚರ್ ಸಿಕ್ಕರೆ ಓಡಬೇಕು" ಅನ್ನುವುದನ್ನು. ಅಲ್ಲಿ ಓಡಿದವನು ಒಬ್ಬನೇ ಅನ್ನುವುದು ಗೆಲುವಿನ ಗದ್ದಲದಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ. ಸೋತಿದ್ದರೆ ವಿಡಿಯೊ ಹಾಕಿ ಒಂದೊಂದು ಹೆಜ್ಜೆ ನೋಡುತ್ತಿದ್ದರು. ಗೆದ್ದಾಗ ಹಾಗೆ ನೋಡುವವರು ಕಡಿಮೆ, ಬೆನ್ನು ತಟ್ಟುವವರೇ ಜಾಸ್ತಿ.

ಅದೂ ಅಲ್ಲದೆ ಆ ಟೂರ್ನಿಯಲ್ಲಿ ಜಪಾನ್ ತಡವಾಗಿ ಎದ್ದು ಗೆದ್ದದ್ದು ಒಮ್ಮೆ ಅಲ್ಲ. ಬ್ರೆಜಿಲ್ ವಿರುದ್ಧ 8ನೇ ಇನ್ನಿಂಗ್ಸ್, ತೈವಾನ್ ವಿರುದ್ಧ 9ನೇ ಇನ್ನಿಂಗ್ಸ್. ಮೂರನೇ ಸಲವೂ ಹಾಗೇ ಆಗುತ್ತದೆ ಅನ್ನುವ ನಂಬಿಕೆ ಬೆಳೆದಿದ್ದರೆ ಆಶ್ಚರ್ಯವಿಲ್ಲ. ನಂಬಿಕೆ ಬೆಳೆದಷ್ಟು ಸೈನ್‌ನ ಮಾತು ಸಡಿಲ ಆಗುತ್ತದೆ. "ಅವರಿಗೆ ಗೊತ್ತಾಗುತ್ತೆ ಬಿಡಿ" ಅನ್ನುವ ಮನಸ್ಥಿತಿ.

ಆಟದ ನಂತರದ ಚರ್ಚೆಯಲ್ಲಿ ಇನ್ನೂ ಒಂದು ಮಾತು ಬರಬೇಕಿತ್ತು ಅನ್ನಿಸುತ್ತದೆ. ಓಡುವುದೇ ನಿಜವಾದ ಉದ್ದೇಶ ಆಗಿದ್ದರೆ ಎರಡನೇ ಬೇಸ್‌ನಲ್ಲಿ 37 ವರ್ಷದವನನ್ನು ಬಿಟ್ಟು ಬದಲಿ ಓಟಗಾರನನ್ನು ನಿಲ್ಲಿಸುವ ಯೋಚನೆ ಯಾಕೆ ಬರಲಿಲ್ಲ? ಅವನು ಆ ಟೂರ್ನಿಯಲ್ಲಿ ತಂಡದ ಅತ್ಯುತ್ತಮ ಬ್ಯಾಟರ್‌ಗಳಲ್ಲಿ ಒಬ್ಬ, ಆಟ ಇನ್ನೂ ಮುಂದುವರಿದರೆ ಬೇಕಾಗುತ್ತಾನೆ ಅನ್ನುವುದು ಒಂದು ಉತ್ತರ. ಒಪ್ಪುತ್ತೇನೆ. ಆದರೆ ಹಾಗಿದ್ದರೆ ಉದ್ದೇಶ ಅರ್ಧ ಮನಸ್ಸಿನದು ಅಂತಲೇ ಆಯಿತು. ಓಡಿಸಬೇಕೋ ಬೇಡವೋ ಅನ್ನುವ ತೀರ್ಮಾನವನ್ನು ಡಗೌಟ್ ಪೂರ್ತಿ ತೆಗೆದುಕೊಂಡಿರಲಿಲ್ಲ, ಬೇಸ್ ಮೇಲಿದ್ದವರಿಗೆ ದಾಟಿಸಿತ್ತು.

ಆಮೇಲೆ

ಹಿಂದಿನ ರನ್ನರ್‌ನನ್ನು ಜಪಾನ್ ಕೈಬಿಡಲಿಲ್ಲ. 2017ರ ಟೂರ್ನಿಗೂ ಆರಿಸಿದರು. ಎರಡನೇ ಸುತ್ತಿನಲ್ಲಿ ಕ್ಯೂಬಾ ವಿರುದ್ಧ ಸಮದಲ್ಲಿದ್ದ ಆಟದಲ್ಲಿ 8ನೇ ಇನ್ನಿಂಗ್ಸ್‌ನಲ್ಲಿ ಬದಲಿ ಬ್ಯಾಟರ್ ಆಗಿ ಬಂದು ಎತ್ತರಕ್ಕೆ ಹೊಡೆದು ಮುನ್ನಡೆಯ ರನ್ ತಂದುಕೊಟ್ಟ. ಆ ಆಟ 8-5ರಿಂದ ಗೆದ್ದರು. ಸೆಮಿಫೈನಲ್‌ನಲ್ಲಿ ಅಮೆರಿಕ ವಿರುದ್ಧ 1-2ರಿಂದ ಮತ್ತೆ ಸೋತರು. 2013ರ ಆ ತಂಡದಲ್ಲಿದ್ದ ಒಬ್ಬ ಆಟಗಾರ ಮುಂದೆ ರಾಷ್ಟ್ರೀಯ ತಂಡದ ಮ್ಯಾನೇಜರ್ ಕುರ್ಚಿಗೇ ಬಂದರು.

ಹತ್ತು ವರ್ಷದ ನಂತರ ಹೆಚ್ಚುಕಡಿಮೆ ಅದೇ ಸನ್ನಿವೇಶ ಮತ್ತೆ ಎದುರಾಯಿತು. 2023ರ ಮಾರ್ಚ್ 20, ಮಿಯಾಮಿ, ಸೆಮಿಫೈನಲ್, ಎದುರಾಳಿ ಮೆಕ್ಸಿಕೊ. 9ನೇ ಇನ್ನಿಂಗ್ಸ್, 4-5ರಿಂದ ಹಿಂದೆ. ಶೊಹೆ ಒಹ್ತಾನಿ ಡಬಲ್ ಹೊಡೆದು ಎರಡನೇ ಬೇಸ್‌ನಲ್ಲಿ. ಮುಂದಿನ ಬ್ಯಾಟರ್ ವಾಕ್ ಪಡೆದು (ಪಿಚರ್ ನಾಲ್ಕು ಚೆಂಡು ಸರಿಯಾಗಿ ಎಸೆಯದಿದ್ದರೆ ಸಿಗುವುದು) ಮೊದಲ ಬೇಸ್‌ಗೆ. ಮತ್ತೆ ಇಬ್ಬರು ರನ್ನರ್‌ಗಳು, ಮತ್ತೆ ದೊಡ್ಡ ಹೊಡೆತದ ಬ್ಯಾಟರ್. ಆದರೆ ಈ ಬ್ಯಾಟರ್ ಆ ಆಟದಲ್ಲಿ ಆಗಲೇ ಮೂರು ಸಲ ಸ್ಟ್ರೈಕ್ ಔಟ್, ಅಂದರೆ ಚೆಂಡು ಹೊಡೆಯಲಾಗದೆ ಔಟ್, ಆಗಿದ್ದ.

ಮ್ಯಾನೇಜರ್ ಮೊದಲು ಮಾಡಿದ್ದು ಹಿಂದಿನ ರನ್ನರ್ ಬದಲು ತಂಡದಲ್ಲೇ ವೇಗದವನನ್ನು ಮೊದಲ ಬೇಸ್‌ಗೆ ಕಳಿಸಿದ್ದು. ಗೆಲುವಿನ ರನ್ ಅವನದೇ, ಹಾಗಾಗಿ ವೇಗ ಬೇಕಾದದ್ದು ಅಲ್ಲಿ. ಬಂಟ್ ಮಾಡಿಸುವ ಯೋಚನೆಯೂ ಇತ್ತು, ಅದಕ್ಕಾಗಿ ಬೆಂಚ್‌ನಲ್ಲಿ ಒಬ್ಬನಿಗೆ ತಯಾರಾಗು ಅಂದಿದ್ದರು. ಕೊನೆಗೆ ಬಿಟ್ಟರು. ಒಬ್ಬ ಕೋಚ್ ಬ್ಯಾಟರ್ ಹತ್ತಿರ ಹೋಗಿ ಮ್ಯಾನೇಜರ್‌ನ ಮಾತು ಮುಟ್ಟಿಸಿದರು: ನಿನಗೇ ಬಿಟ್ಟಿದ್ದೇವೆ, ಮನಸ್ಸಿಟ್ಟು ಹೊಡೆ. ಅಲ್ಲಿಗೆ ಬಂಟ್ ಬಗ್ಗೆ ಅವನು ಮತ್ತೆ ಯೋಚಿಸಬೇಕಿರಲಿಲ್ಲ. ರನ್ನರ್‌ಗಳಿಗೆ ಕೂಡ ಯೋಚಿಸಲು ಏನೂ ಇರಲಿಲ್ಲ, ಚೆಂಡು ಎಲ್ಲಿ ಬೀಳುತ್ತದೆ ನೋಡಿ ಓಡುವುದಷ್ಟೇ.

ಹೊಡೆತ ಸೆಂಟರ್ ಗೋಡೆಗೆ ಬಡಿಯಿತು. ಒಹ್ತಾನಿ ಹೋಮ್ ಮುಟ್ಟಿದ. ಮೊದಲ ಬೇಸ್‌ನಿಂದ ಹೊರಟ ಬದಲಿ ಓಟಗಾರ ಅವನ ಬೆನ್ನಿಗೇ ಬಂದು ಮುಟ್ಟಿದ, 6-5. ಮರುದಿನ ಫೈನಲ್‌ನಲ್ಲಿ ಒಹ್ತಾನಿ ಮೈಕ್ ಟ್ರೌಟ್‌ನನ್ನು ಸ್ಟ್ರೈಕ್ ಔಟ್ ಮಾಡಿ ಅಮೆರಿಕವನ್ನು 3-2ರಿಂದ ಮುಗಿಸಿದ.

ಆ ಬ್ಯಾಟರ್ ನಾಲ್ಕನೇ ಸಲವೂ ಸ್ಟ್ರೈಕ್ ಔಟ್ ಆಗಬಹುದಿತ್ತು, ಅಥವಾ ನೆಲದ ಮೇಲೆ ಹೊಡೆದು ಇಬ್ಬರನ್ನು ಒಟ್ಟಿಗೆ ಔಟ್ ಮಾಡಿಸಬಹುದಿತ್ತು. ಹಾಗಾಗಿದ್ದರೆ ಮ್ಯಾನೇಜರ್ ಬೈಸಿಕೊಳ್ಳುತ್ತಿದ್ದರು, ಬಂಟ್ ಯಾಕೆ ಮಾಡಿಸಲಿಲ್ಲ ಅಂತ ಪತ್ರಿಕೆಗಳು ವಾರಗಟ್ಟಲೆ ಬರೆಯುತ್ತಿದ್ದವು. ಆದರೆ ಬೈಗುಳ ಅವರೊಬ್ಬರಿಗೇ ಬರುತ್ತಿತ್ತು. ಮೊದಲ ಬೇಸ್‌ನಲ್ಲಿದ್ದವನು ಯಾವಾಗ ಹೊರಡಬೇಕಿತ್ತು, ಎರಡನೇ ಬೇಸ್‌ನಲ್ಲಿದ್ದವನು ಯಾಕೆ ನಿಂತ ಅಂತ ಯಾರೂ ಕೇಳುತ್ತಿರಲಿಲ್ಲ.